ಕ್ರೈಸ್ತ ಉದ್ಯಮಿಗಳು ಮತ್ತು ನೌಕರರ ಕ್ಷೇಮ: ಬೋರ್ನ್‌ವಿಲ್ ಕಲಿಸುವ ಪಾಠ

ಬಂಡವಾಳ, ಯಂತ್ರ, ಕಚ್ಚಾ ಸಾಮಗ್ರಿ ಮತ್ತು ಮಾರುಕಟ್ಟೆಗಳಷ್ಟೇ ಉದ್ಯಮದ ಏಳಿಗೆಗೆ ಅಗತ್ಯವಾದುದು ಅದರಲ್ಲಿ ದುಡಿಯುವ ಜನರ ನಿಷ್ಠೆ. ಈ ಮಾತನ್ನು ಒಪ್ಪದ ಮಾಲೀಕರು ವಿರಳ. ನಮ್ಮ ಸಣ್ಣ ಕೈಗಾರಿಕೋದ್ಯಮಿಗಳಲ್ಲಿ ಬಹುಮಂದಿ ನೌಕರರ ಕಷ್ಟಸುಖಗಳಿಗೆ ಆಗಿಬರುವವರೇ ಆಗಿದ್ದಾರೆ. ಮಗಳ ಮದುವೆಗೆ ಮುಂಗಡ, ಆಸ್ಪತ್ರೆಯ ಖರ್ಚಿಗೆ ಕೈಗಡ, ಶಾಲೆ ಆರಂಭವಾಗುವ ಕಾಲಕ್ಕೆ ಮಕ್ಕಳ ಪುಸ್ತಕಗಳಿಗೆ ಒಂದಿಷ್ಟು ಹಣ ಇವೆಲ್ಲ ಹೆಚ್ಚಿನ ಕಾರ್ಯಾಗಾರಗಳಲ್ಲಿ ರೂಢಿಯಲ್ಲಿವೆ. ಆದರೆ ಇದೇ ಸಂಸ್ಥೆಗಳಲ್ಲಿ ಅನೇಕವು ಇಪ್ಪತ್ತು ವರ್ಷ ದುಡಿದ ನೌಕರರಿಗೆ ನಿವೃತ್ತಿಯ ದಿನ ಸಲ್ಲಬೇಕಾದ ಗ್ರಾಚ್ಯುಟಿಗೆಂದು ಒಂದು ರೂಪಾಯಿಯನ್ನೂ ತೆಗೆದಿರಿಸಿರುವುದಿಲ್ಲ. ಮಾಲೀಕರ ಮನಸ್ಸಿನಲ್ಲಿ ನೌಕರರಿಗೆ ಸ್ಥಾನವಿದೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇಲ್ಲ.

ಈ ಎರಡು ಸ್ಥಾನಗಳ ನಡುವಿನ ಅಂತರವನ್ನು ಅರಿಯಲು ಕ್ರೈಸ್ತ ಉದ್ಯಮಿಗಳ ಒಂದು ಅನುಭವವು ಬಹಳ ಸಹಾಯಕವಾಗಿದೆ. ಧರ್ಮಶ್ರದ್ಧೆಯಿಂದ ಪ್ರೇರಿತವಾಗಿ ನೌಕರರ ಹಿತವನ್ನು ಕಾಯಲು ಹೊರಟ ಒಂದು ಕುಟುಂಬವು ಕ್ರಮೇಣ ಆ ಹಿತವನ್ನು ನಿಯಮ, ನಿಧಿ ಮತ್ತು ದಸ್ತಾವೇಜುಗಳ ರೂಪಕ್ಕೆ ತಂದಿತು. ಯಾವುದು ದಸ್ತಾವೇಜಿಗೆ ಬಂದಿತೋ ಅದು ಉಳಿಯಿತು. ಯಾವುದು ಬರಲಿಲ್ಲವೋ ಅದು ಮಾಲೀಕತ್ವ ಬದಲಾದೊಡನೆ ಅಳಿಯಿತು. ಈ ಪಾಠವು ಕ್ರೈಸ್ತ ಮಾಲೀಕರಿಗೆ ಮಾತ್ರವಲ್ಲದೆ ಎಲ್ಲ ವ್ಯಾಪಾರ ಬಾಂಧವರಿಗೂ ಅನ್ವಯಿಸುತ್ತದೆ.

ಧರ್ಮಗ್ರಂಥದ ನಿಲುವು

ಕೂಲಿಯ ವಿಷಯದಲ್ಲಿ ಬೈಬಲ್ಲಿನ ನಿಲುವು ಅತ್ಯಂತ ಸ್ಪಷ್ಟವಾಗಿದೆ. ದಿನಗೂಲಿಯವನ ಸಂಬಳವನ್ನು ಮರುದಿನ ಬೆಳಗಿನವರೆಗೆ ಮಾಲೀಕನು ತನ್ನಲ್ಲಿ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡವು ವಿಧಿಸುತ್ತದೆ. ಸೂರ್ಯ ಮುಳುಗುವ ಮುನ್ನವೇ ಅದನ್ನು ಸಲ್ಲಿಸಬೇಕೆಂದು ಧರ್ಮೋಪದೇಶಕಾಂಡವು ಹೇಳುತ್ತದೆ. ಕೂಲಿಯಾಳು ಸ್ವಜನನಾಗಿರಲಿ, ಪರದೇಶಿಯಾಗಿರಲಿ ನಿಯಮ ಒಂದೇ ಎಂಬುದು ಅಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶ. ಹೊಲ ಕೊಯ್ದವರಿಗೆ ಕೊಡದೆ ಉಳಿಸಿಕೊಂಡ ಕೂಲಿಯು ತಾನಾಗಿಯೇ ಮೊರೆಯಿಡುತ್ತದೆ ಎಂಬ ಅರ್ಥದ ಎಚ್ಚರಿಕೆಯು ಯಾಕೋಬನ ಪತ್ರಿಕೆಯಲ್ಲಿದೆ. ಆಳುಗಳಿಗೆ ನ್ಯಾಯವಾದುದನ್ನೂ ಸಮವಾದುದನ್ನೂ ಸಲ್ಲಿಸಬೇಕು, ಯಜಮಾನರಿಗೂ ಮೇಲೊಬ್ಬ ಯಜಮಾನನಿದ್ದಾನೆ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ನೆನಪಿಸುತ್ತಾನೆ.

ಈ ವಚನಗಳಲ್ಲಿ ಕೂಲಿಯನ್ನು ದಾನವೆಂದು ಎಲ್ಲಿಯೂ ಪರಿಗಣಿಸಿಲ್ಲ. ಅದು ಋಣ. ದಾನವನ್ನು ಅನುಕೂಲವಿದ್ದಾಗ ಮಾಡಬಹುದು. ಋಣವನ್ನು ವಾಯಿದೆಗೆ ಸರಿಯಾಗಿ ತೀರಿಸಬೇಕು. ಆದುದರಿಂದ ನೌಕರರ ಹಿತವನ್ನು ಬಯಸುವ ಕ್ರೈಸ್ತ ಮಾಲೀಕರು ಮೊದಲು ಮಾಡಬೇಕಾದುದು ಸಲ್ಲಬೇಕಾದುದನ್ನು ಸಕಾಲದಲ್ಲಿ ಸಲ್ಲಿಸುವುದು. ಉಪಕಾರ, ಬಹುಮಾನ, ಹಬ್ಬದ ಕೊಡುಗೆ ಇವೆಲ್ಲ ಅದರ ನಂತರದ ಮಾತು.

ಕ್ವೇಕರ್ ವ್ಯಾಪಾರಿಗಳ ಹಿನ್ನೆಲೆ

ಇಂಗ್ಲೆಂಡಿನಲ್ಲಿ ಕ್ವೇಕರರು ಕ್ರೈಸ್ತರಲ್ಲಿಯೇ ಒಂದು ಸಣ್ಣ ಪಂಗಡ. ರಾಜ್ಯದ ಅಧಿಕೃತ ಚರ್ಚಿಗೆ ಸೇರದ ಇವರಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲುಗಳು 1871ರ ಕಾಯಿದೆಯವರೆಗೆ ಪೂರ್ಣವಾಗಿ ತೆರೆದಿರಲಿಲ್ಲ. ಯುದ್ಧವನ್ನು ವಿರೋಧಿಸುವ ಇವರು ಸೈನ್ಯಕ್ಕೂ ಸೇರುತ್ತಿರಲಿಲ್ಲ. ಹೀಗಾಗಿ ಬುದ್ಧಿವಂತ ಯುವಕರು ವ್ಯಾಪಾರ ಮತ್ತು ಉದ್ಯಮಗಳತ್ತ ತಿರುಗಿದರು. ಬಾರ್ಕ್ಲೇಸ್ ಮತ್ತು ಲಾಯ್ಡ್ಸ್ ಬ್ಯಾಂಕುಗಳು, ಬ್ರಿಸ್ಟಲ್‌ನ ಫ್ರೈ, ಯಾರ್ಕ್‌ನ ರೌನ್‌ಟ್ರೀ, ಬರ್ಮಿಂಗ್‌ಹ್ಯಾಮ್‌ನ ಕ್ಯಾಡ್‌ಬರಿ ಇವೆಲ್ಲವೂ ಕ್ವೇಕರ್ ಮೂಲದ ಸಂಸ್ಥೆಗಳು.

ಇವರ ಸಭೆಗಳು ಸದಸ್ಯರ ವ್ಯವಹಾರಗಳ ಮೇಲೂ ಕಣ್ಣಿಡುತ್ತಿದ್ದವು. ಮಿತಿಮೀರಿ ಸಾಲ ಮಾಡಿ ದಿವಾಳಿಯಾದ ಸದಸ್ಯನನ್ನು ಸಭೆಯಿಂದ ಹೊರಗಿಡುವ ಪದ್ಧತಿಯಿತ್ತು. ಚೌಕಾಶಿಯಿಲ್ಲದ ಒಂದೇ ದರ, ಸರಿಯಾದ ತೂಕ, ಕೊಟ್ಟ ಮಾತಿಗೆ ಬದ್ಧತೆ ಇವು ಅವರ ವ್ಯಾಪಾರದ ಗುರುತುಗಳಾಗಿದ್ದವು. ಲೆಕ್ಕಪತ್ರವನ್ನು ಚೊಕ್ಕಟವಾಗಿಡುವುದು ಅವರ ಪಾಲಿಗೆ ಧರ್ಮಾಚರಣೆಯ ಭಾಗವೇ ಆಗಿತ್ತೆಂದರೆ ತಪ್ಪಾಗದು.

ಬೋರ್ನ್‌ವಿಲ್: ಹಂತ ಹಂತದ ಬೆಳವಣಿಗೆ

ಜಾನ್ ಕ್ಯಾಡ್‌ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬುಲ್ ಸ್ಟ್ರೀಟ್‌ನಲ್ಲಿ ಚಹಾ, ಕಾಫಿ ಮತ್ತು ಕೋಕೋ ಮಾರುವ ಅಂಗಡಿಯನ್ನು ತೆರೆದರು. ಅವರ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ 1861ರಲ್ಲಿ ಉದ್ಯಮವನ್ನು ವಹಿಸಿಕೊಂಡಾಗ ಅದು ಇಳಿಮುಖದಲ್ಲಿದ್ದ ಸಣ್ಣ ಘಟಕ. ಸಹೋದರರು ತಾಯಿಯ ಕಡೆಯಿಂದ ಬಂದ ಆಸ್ತಿಯನ್ನು ತೊಡಗಿಸಿ, ಕೆಲವು ವರ್ಷ ಕಷ್ಟಪಟ್ಟು, ಅದನ್ನು ನಷ್ಟದಿಂದ ಮೇಲೆತ್ತಿದರು. ಹಿಟ್ಟು ಮತ್ತು ಪಿಷ್ಟ ಬೆರೆಸಿದ ಕೋಕೋ ಸಾಮಾನ್ಯವಾಗಿದ್ದ ಕಾಲದಲ್ಲಿ, 1866ರಲ್ಲಿ ಬೆರಕೆಯಿಲ್ಲದ ಕೋಕೋವನ್ನು ಮಾರುಕಟ್ಟೆಗೆ ತಂದುದು ಅವರ ಏಳಿಗೆಗೆ ಕಾರಣವಾಯಿತು.

ನಗರದ ಇಕ್ಕಟ್ಟಾದ ಕಾರ್ಖಾನೆ ಸಾಲದಾದಾಗ 1878ರಲ್ಲಿ ಊರ ಹೊರಗೆ ಸುಮಾರು 14.5 ಎಕರೆ ಜಮೀನು ಕೊಂಡು, 1879ರಲ್ಲಿ ಕಾರ್ಖಾನೆಯನ್ನು ಅಲ್ಲಿಗೆ ಸಾಗಿಸಿದರು. ಆ ಸ್ಥಳಕ್ಕೆ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಗಾಳಿ ಬೆಳಕಿನ ಕೋಣೆಗಳು, ಬಟ್ಟೆ ಬದಲಿಸುವ ಮತ್ತು ಊಟ ಬಿಸಿ ಮಾಡಿಕೊಳ್ಳುವ ವ್ಯವಸ್ಥೆ, ಆಟದ ಮೈದಾನ, ಮುಂದೆ ವೈದ್ಯರ ಮತ್ತು ದಂತವೈದ್ಯರ ಸೇವೆ, ಕಿರಿಯ ನೌಕರರಿಗೆ ವಿದ್ಯಾಭ್ಯಾಸ ಹೀಗೆ ಸೌಲಭ್ಯಗಳು ಒಂದೊಂದಾಗಿ ಬಂದವು. ಶನಿವಾರ ಅರ್ಧ ದಿನದ ರಜೆಯನ್ನು ಮೊದಮೊದಲು ಜಾರಿಗೆ ತಂದ ಸಂಸ್ಥೆಗಳಲ್ಲಿ ಇದೂ ಒಂದು.

ಇಲ್ಲಿಯವರೆಗಿನದು ಮಾಲೀಕರ ಸದ್ಭಾವನೆಯ ಕಥೆ. ಸದ್ಭಾವನೆಗೆ ಶಾಶ್ವತ ರೂಪ ದೊರೆತುದು ನಂತರದ ಮೂರು ಕ್ರಮಗಳಿಂದ.

ಮೊದಲನೆಯದು ವಸತಿಗೆ ಸಂಬಂಧಿಸಿದ್ದು. ಜಾರ್ಜ್ ಕ್ಯಾಡ್‌ಬರಿ 1893ರಲ್ಲಿ ಕಾರ್ಖಾನೆಯ ಬಳಿ 120 ಎಕರೆ ಜಮೀನು ಕೊಂಡು, ಮುಂದೆ ಅಲ್ಲಿ ತೋಟಸಹಿತವಾದ ಮನೆಗಳನ್ನು ಕಟ್ಟಿಸತೊಡಗಿದರು. ನಿವೇಶನದ ಕಾಲುಭಾಗಕ್ಕಿಂತ ಹೆಚ್ಚನ್ನು ಕಟ್ಟಡ ಆಕ್ರಮಿಸಬಾರದೆಂಬುದು ಅಲ್ಲಿನ ನಿಯಮ. 1900ರಲ್ಲಿ 330 ಎಕರೆ ಜಮೀನನ್ನೂ 313 ಮನೆಗಳನ್ನೂ ಬೋರ್ನ್‌ವಿಲ್ ವಿಲೇಜ್ ಟ್ರಸ್ಟ್‌ಗೆ ಒಪ್ಪಿಸಿದರು. ಬಾಡಿಗೆಯ ಆದಾಯವು ಕುಟುಂಬಕ್ಕೆ ಹಿಂದಿರುಗದೆ ವಸತಿಯ ಅಭಿವೃದ್ಧಿಗೇ ಬಳಕೆಯಾಗುವಂತೆ ಏರ್ಪಾಟಾಯಿತು. ಈ ಮನೆಗಳು ಕಾರ್ಖಾನೆಯ ನೌಕರರಿಗೆ ಮಾತ್ರ ಮೀಸಲಾಗಿರಲಿಲ್ಲವೆಂಬುದು ಮುಖ್ಯ. ಕೆಲಸದ ಮಾಲೀಕನೇ ಮನೆಯ ಮಾಲೀಕನೂ ಆಗಿದ್ದರೆ ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಟ್ರಸ್ಟಿನ ವ್ಯವಸ್ಥೆಯು ಈ ಕೊಂಡಿಯನ್ನು ಕಳಚಿತು.

ಎರಡನೆಯದು ಪಿಂಚಣಿ ನಿಧಿ. 1906ರಲ್ಲಿ ಪುರುಷ ನೌಕರರಿಗಾಗಿ ಈ ನಿಧಿಯನ್ನು ಸ್ಥಾಪಿಸಲಾಯಿತು. ನೌಕರರೂ ಸಂಸ್ಥೆಯೂ ವಂತಿಗೆ ಸಲ್ಲಿಸುತ್ತಿದ್ದರು. ಅದಕ್ಕೂ ಮೊದಲು ಸಲ್ಲಿಸಿದ ಸೇವೆಯ ಹೊಣೆಯನ್ನು ತುಂಬಲು ಸಂಸ್ಥೆಯು 60,000 ಪೌಂಡುಗಳನ್ನು ನಿಧಿಗೆ ಕೊಟ್ಟಿತು. ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಇದು ಗಮನಾರ್ಹ. ಯೋಜನೆಯನ್ನು ಆರಂಭಿಸಿದ ದಿನದಿಂದ ಮಾತ್ರ ಲೆಕ್ಕ ಹಿಡಿಯದೆ, ಹಳೆಯ ನೌಕರರಿಗೆ ಸಂಚಿತವಾಗಿದ್ದ ಹೊಣೆಯನ್ನು ಸಂಸ್ಥೆಯು ಗುರುತಿಸಿ ಅದಕ್ಕೆ ನಗದನ್ನು ಒದಗಿಸಿತು. ಮಹಿಳೆಯರಿಗೆ ಇಂಥ ನಿಧಿ 1911ರಲ್ಲಿ ಬಂದಿತು.

ಮೂರನೆಯದು ನೌಕರರ ಪ್ರಾತಿನಿಧ್ಯ. 1918ರಲ್ಲಿ ಆಡಳಿತ ಮತ್ತು ನೌಕರರ ಪ್ರತಿನಿಧಿಗಳನ್ನೊಳಗೊಂಡ ಕಾರ್ಖಾನೆ ಮಂಡಳಿಗಳು ರಚನೆಯಾದವು. ನೌಕರರಿಗೆ ಏನು ಬೇಕೆಂಬುದನ್ನು ಮಾಲೀಕರೇ ಊಹಿಸುವ ಬದಲು ನೌಕರರನ್ನೇ ಕೇಳಿ ತಿಳಿಯುವ ಮಾರ್ಗ ಇದರಿಂದ ತೆರೆಯಿತು.

ಕಾಣದೆ ಉಳಿದ ಕಾರ್ಮಿಕರು

ಈ ಕಥೆಗೆ ಇನ್ನೊಂದು ಮುಖವೂ ಇದೆ. ಬೋರ್ನ್‌ವಿಲ್‌ನ ಕೋಕೋದ ಬಹುಭಾಗ ಪಶ್ಚಿಮ ಆಫ್ರಿಕಾದ ಕರಾವಳಿಯ ಸಾವೊ ಟೋಮೆ ಮತ್ತು ಪ್ರಿನ್ಸಿಪೆ ಎಂಬ ಪೋರ್ಚುಗೀಸ್ ದ್ವೀಪಗಳಿಂದ ಬರುತ್ತಿತ್ತು. ಅಂಗೋಲಾದಿಂದ ಕರೆತಂದ ಕೆಲಸಗಾರರು ಅಲ್ಲಿ ಹೆಸರಿಗೆ ಕರಾರಿನ ಮೇಲೆ, ವಾಸ್ತವದಲ್ಲಿ ಗುಲಾಮರಂತೆ ದುಡಿಯುತ್ತಿದ್ದರು. 1901ರಲ್ಲಿ ವಿಲಿಯಂ ಕ್ಯಾಡ್‌ಬರಿಯವರ ಕೈಗೆ ಅಲ್ಲಿನ ತೋಟವೊಂದರ ಮಾರಾಟದ ಪಟ್ಟಿ ಬಂದಿತು. ತೋಟದ ಆಸ್ತಿಗಳ ಸಾಲಿನಲ್ಲಿ ಕೆಲಸಗಾರರನ್ನೂ ಸೇರಿಸಲಾಗಿತ್ತು. ಮನುಷ್ಯರನ್ನು ಅಢಾವೆ ಪತ್ರಿಕೆಯ ಆಸ್ತಿಯ ಬದಿಯಲ್ಲಿ ಬರೆದ ಆ ಪಟ್ಟಿಗಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ.

ಆದರೂ ಸಂಸ್ಥೆಯು ಖರೀದಿಯನ್ನು ನಿಲ್ಲಿಸಿದುದು 1909ರಲ್ಲಿ. ನಡುವಿನ ವರ್ಷಗಳಲ್ಲಿ ಲಿಸ್ಬನ್‌ನೊಡನೆ ಮಾತುಕತೆ, ತನಿಖಾಧಿಕಾರಿಯ ಪ್ರವಾಸ, ವರದಿ ಇವೆಲ್ಲ ನಡೆದವು. ಕೋಕೋ ಖರೀದಿಯೂ ನಡೆಯಿತು. ಇದನ್ನು ಟೀಕಿಸಿದ ಲಂಡನ್ನಿನ ಪತ್ರಿಕೆಯೊಂದರ ಮೇಲೆ ಸಂಸ್ಥೆಯು ಮಾನನಷ್ಟ ಮೊಕದ್ದಮೆ ಹೂಡಿ 1909ರ ಡಿಸೆಂಬರ್‌ನಲ್ಲಿ ಗೆದ್ದಿತು. ಆದರೆ ಜ್ಯೂರಿಯು ಪರಿಹಾರವೆಂದು ಕೊಡಿಸಿದುದು ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲುಭಾಗ. ಕಾನೂನಿನ ಗೆಲುವಿನಲ್ಲೇ ನೈತಿಕ ತೀರ್ಪೂ ಅಡಗಿತ್ತು.

ಬೋರ್ನ್‌ವಿಲ್‌ನ ಒಳಗೂ ಮಿತಿಗಳಿದ್ದವು. ಮದುವೆಯಾದ ಹೆಣ್ಣುಮಕ್ಕಳು ಕೆಲಸ ಬಿಡಬೇಕೆಂಬುದು ಆ ಕಾಲದ ಅನೇಕ ಸಂಸ್ಥೆಗಳಂತೆ ಅಲ್ಲಿಯೂ ನಿಯಮವಾಗಿತ್ತು. ಮಾಲೀಕರು ತಂದೆಯ ಸ್ಥಾನದಲ್ಲಿ ನಿಂತಾಗ, ನೌಕರರ ಬದುಕು ಹೇಗಿರಬೇಕೆಂಬುದನ್ನೂ ತಾವೇ ನಿರ್ಧರಿಸುವ ಅಭ್ಯಾಸ ಬೆಳೆಯುತ್ತದೆ. ಇದರಿಂದ ಎಚ್ಚರವಾಗಿರಬೇಕು.

ಮಾಲೀಕತ್ವ ಬದಲಾದಾಗ

2010ರ ಆರಂಭದಲ್ಲಿ ಅಮೆರಿಕದ ಕ್ರಾಫ್ಟ್ ಸಂಸ್ಥೆಯು ಕ್ಯಾಡ್‌ಬರಿಯನ್ನು ಕೊಂಡುಕೊಂಡಿತು. ಬ್ರಿಸ್ಟಲ್ ಬಳಿಯ ಸೊಮರ್‌ಡೇಲ್ ಕಾರ್ಖಾನೆಯನ್ನು ಮುಚ್ಚುವುದಾಗಿ ಕ್ಯಾಡ್‌ಬರಿ 2007ರಲ್ಲಿಯೇ ಪ್ರಕಟಿಸಿತ್ತು. ಕೊಳ್ಳುವ ಪ್ರಯತ್ನದ ಅವಧಿಯಲ್ಲಿ ಕ್ರಾಫ್ಟ್ ಅದನ್ನು ಉಳಿಸಿಕೊಳ್ಳಬಹುದೆಂಬ ಭರವಸೆಯನ್ನು ಮೂಡಿಸಿತು. ಖರೀದಿ ಮುಗಿದ ಕೆಲವೇ ದಿನಗಳಲ್ಲಿ, 2010ರ ಫೆಬ್ರವರಿಯಲ್ಲಿ, ಮುಚ್ಚುವ ನಿರ್ಧಾರವೇ ಸ್ಥಿರವೆಂದು ಹೇಳಿತು. ಸುಮಾರು 400 ಮಂದಿ ನೌಕರರ ಆಸೆ ಕಮರಿತು. ಸಂಸ್ಥೆಗಳ ಸ್ವಾಧೀನವನ್ನು ನಿಯಂತ್ರಿಸುವ ಬ್ರಿಟಿಷ್ ಮಂಡಳಿಯು ಅದೇ ವರ್ಷ ಮೇ ತಿಂಗಳಿನಲ್ಲಿ ಕ್ರಾಫ್ಟನ್ನು ಬಹಿರಂಗವಾಗಿ ಟೀಕಿಸಿತು. ಕಾರ್ಖಾನೆ 2011ರಲ್ಲಿ ಮುಚ್ಚಿತು.

ಅತ್ತ ಬೋರ್ನ್‌ವಿಲ್ ವಿಲೇಜ್ ಟ್ರಸ್ಟಿನ ಮನೆಗಳಿಗೆ ಈ ಮಾರಾಟದಿಂದ ಯಾವ ಧಕ್ಕೆಯೂ ಆಗಲಿಲ್ಲ. ಅವು 1900ರಿಂದಲೇ ಕುಟುಂಬದ ಅಥವಾ ಸಂಸ್ಥೆಯ ಸ್ವತ್ತಾಗಿರಲಿಲ್ಲ. ಆದುದರಿಂದ ಅವನ್ನು ಮಾರುವ ಪ್ರಶ್ನೆಯೇ ಏಳಲಿಲ್ಲ. ಟ್ರಸ್ಟ್ ಇಂದಿಗೂ ಕಾರ್ಯನಿರತವಾಗಿದೆ. ಬಾಯಿಮಾತಿನ ಭರವಸೆಗೂ ನೋಂದಾಯಿತ ದಸ್ತಾವೇಜಿಗೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಮಂಗಳೂರಿನ ಅನುಭವ

ಕ್ರೈಸ್ತ ಪ್ರೇರಣೆಯ ಉದ್ಯಮಕ್ಕೆ ಕರ್ನಾಟಕದಲ್ಲಿಯೂ ದೀರ್ಘ ಇತಿಹಾಸವಿದೆ. 1834ರಲ್ಲಿ ಕಾರ್ಯಾರಂಭ ಮಾಡಿದ ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆಯಿತು. ಮತಾಂತರದಿಂದಾಗಿ ಕುಲವೃತ್ತಿಯನ್ನೂ ನೆಂಟರ ಆಸರೆಯನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸುವುದು ಮಿಷನ್ನಿಗೆ ಅನಿವಾರ್ಯವಾಯಿತು. 1851ರಲ್ಲಿ ಬಂದ ಜಾನ್ ಹಾಲರ್ ಅವರ ಕಾಲದಲ್ಲಿ ನೇಯ್ಗೆಯ ಕಾರ್ಖಾನೆ ಬೆಳೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಮುಂದೆ ಕುದ್ರೋಳಿ, ಮಲ್ಪೆ ಮತ್ತು ಮಲಬಾರಿನ ಹಲವೆಡೆ ಕಾರ್ಖಾನೆಗಳು ಎದ್ದವು. ಸ್ಥಳೀಯ ಉದ್ಯಮಿಗಳೂ ಈ ಕಸುಬನ್ನು ಕೈಗೊಂಡು ಮಂಗಳೂರು ಹೆಂಚಿಗೆ ದೇಶವಿದೇಶಗಳಲ್ಲಿ ಹೆಸರು ತಂದರು.

ಉದ್ಯೋಗ, ನೆಲೆ ಮತ್ತು ಸಭೆ ಮೂರೂ ಒಂದೇ ಆಶ್ರಯದಲ್ಲಿದ್ದುದು ನಿರ್ಗತಿಕರಾದವರಿಗೆ ದೊಡ್ಡ ರಕ್ಷಣೆಯಾಗಿತ್ತು. ಅದೇ ದೊಡ್ಡ ಅವಲಂಬನೆಯೂ ಆಗಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮಿಷನ್ನಿನ ಜರ್ಮನ್ ಸಿಬ್ಬಂದಿಯನ್ನು ಬಂಧನದಲ್ಲಿರಿಸಲಾಯಿತು. ಉದ್ಯಮಗಳು ಸರ್ಕಾರದ ವಶಕ್ಕೆ ಹೋಗಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈ ಸೇರಿದವು. ಧಣಿಯ ಸ್ಥಾನದಲ್ಲಿದ್ದವರು ತಮ್ಮ ತಪ್ಪಿಲ್ಲದೆಯೇ ಮರೆಯಾಗಬಹುದು. ಮಾಲೀಕರ ಮರಣ, ಪಾಲುದಾರರ ಒಡಕು, ಬ್ಯಾಂಕಿನ ಜಪ್ತಿ ಇವು ಸಣ್ಣ ಘಟಕಗಳ ಮಟ್ಟದ ಮಹಾಯುದ್ಧಗಳೇ ಸರಿ. ಅಂಥ ದಿನದಲ್ಲಿ ನೌಕರರಿಗೆ ಏನು ಉಳಿಯುತ್ತದೆ ಎಂಬುದೇ ಕ್ಷೇಮಪಾಲನೆಯ ನಿಜವಾದ ಪರೀಕ್ಷೆ.

ಸಣ್ಣ ಉದ್ಯಮಿಗಳು ಅನುಸರಿಸಬಹುದಾದ ಕ್ರಮಗಳು

ಬೋರ್ನ್‌ವಿಲ್‌ನಂಥ ಬಡಾವಣೆ ಕಟ್ಟುವುದು ಹತ್ತು ಹನ್ನೆರಡು ಮಂದಿಯ ಘಟಕಕ್ಕೆ ಸಾಧ್ಯವಿಲ್ಲ. ಆದರೆ ಅದರ ತತ್ವವನ್ನು ಕೆಳಕಂಡ ರೀತಿಯಲ್ಲಿ ಅಳವಡಿಸಿಕೊಳ್ಳಬಹುದು.

1. ಸಂಬಳದ ಬಟವಾಡೆ. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ದಿನಗೂಲಿಯನ್ನು ಪಾಳಿಯ ಕೊನೆಯಲ್ಲಿಯೂ, ಮಾಸಿಕ ವೇತನವನ್ನು ಮುಂದಿನ ತಿಂಗಳ ಏಳನೆಯ ದಿನ ಮುಗಿಯುವುದರೊಳಗೂ ಸಲ್ಲಿಸಬೇಕು. ಕೆಲಸ ಬಿಟ್ಟವರ ಅಥವಾ ಬಿಡಿಸಲ್ಪಟ್ಟವರ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು. ಸೂರ್ಯಾಸ್ತದೊಳಗೆ ಕೂಲಿ ಕೊಡಬೇಕೆಂಬ ಪ್ರಾಚೀನ ವಿಧಿಯೂ ಇಂದಿನ ಸಂಹಿತೆಯೂ ಇಲ್ಲಿ ಒಂದೇ ಮಾತನ್ನಾಡುತ್ತವೆ. ಗಿರಾಕಿಯಿಂದ ಹಣ ಬಂದಿಲ್ಲವೆಂಬುದು ಸಂಬಳ ತಡೆಹಿಡಿಯಲು ಕಾರಣವಾಗಲಾರದು. ಒಂದು ತಿಂಗಳ ಸಂಬಳದಷ್ಟು ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಕಾಯ್ದಿರಿಸುವುದು ವಿವೇಕ.

2. ನೇಮಕಾತಿ ಪತ್ರ. ಹುದ್ದೆ, ವೇತನ, ಕೆಲಸದ ವೇಳೆ, ರಜೆ ಇವನ್ನು ಬರೆದುಕೊಟ್ಟ ಪತ್ರ ಪ್ರತಿಯೊಬ್ಬರ ಕೈಯಲ್ಲಿರಬೇಕು. ಹೊಸ ಸಂಹಿತೆಗಳು ಇದನ್ನು ಕಡ್ಡಾಯಗೊಳಿಸಿವೆ. ನೌಕರರು ಓದಬಲ್ಲ ಭಾಷೆಯಲ್ಲಿ ಪತ್ರವಿರುವುದು ಲೇಸು. ಸೇವೆಯ ಆರಂಭದ ದಿನಾಂಕ ಅದರಲ್ಲಿ ದಾಖಲಾದರೆ, ಮುಂದೆ ಗ್ರಾಚ್ಯುಟಿಯ ಲೆಕ್ಕದಲ್ಲಿ ವಿವಾದಕ್ಕೆ ಎಡೆಯಿರದು.

3. ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಇಪ್ಪತ್ತು ಮಂದಿ ನೌಕರರಿರುವ ಸಂಸ್ಥೆಗಳಿಗೆ ಭವಿಷ್ಯ ನಿಧಿಯೂ, ಹತ್ತು ಮಂದಿ ಇರುವ ಸಂಸ್ಥೆಗಳಿಗೆ ಇ.ಎಸ್.ಐ.ಯೂ ಅನ್ವಯಿಸುತ್ತವೆ. 2019ರ ಜುಲೈನಿಂದ ಇ.ಎಸ್.ಐ. ವಂತಿಗೆಯು ಮಾಲೀಕರಿಂದ ವೇತನದ ಶೇ. 3.25, ನೌಕರರಿಂದ ಶೇ. 0.75. ನೌಕರರ ಸಂಖ್ಯೆಯನ್ನು ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತಕ್ಕೋ ಒಂಬತ್ತಕ್ಕೋ ನಿಲ್ಲಿಸಿ, ಉಳಿದವರಿಗೆ ಕೈಚೀಟಿಯ ಮೇಲೆ ಕೂಲಿ ಕೊಡುವ ಪದ್ಧತಿ ಎಷ್ಟೇ ಉದಾರ ಮಾಲೀಕರ ಔದಾರ್ಯವನ್ನೂ ಸುಳ್ಳಾಗಿಸುತ್ತದೆ. ನೌಕರರ ಸಂಬಳದಿಂದ ಕಡಿತ ಮಾಡಿದ ವಂತಿಗೆಯು ಮಾಲೀಕರ ಹಣವಲ್ಲ. ಅದನ್ನು ಕಚ್ಚಾ ಸಾಮಗ್ರಿಯ ಬಿಲ್ಲಿಗೆ ಬಳಸುವುದು ವಿಶ್ವಾಸದ್ರೋಹವಾಗುತ್ತದೆ.

4. ಹತ್ತು ಮಂದಿಗಿಂತ ಕಡಿಮೆ ಇರುವ ಅಂಗಡಿ ಮತ್ತು ಘಟಕಗಳು. ಕಾನೂನಿನ ಕಡ್ಡಾಯವಿಲ್ಲದ ಕಡೆ ಮಾಲೀಕರ ಮನಸ್ಸಾಕ್ಷಿಗೆ ಹೆಚ್ಚು ಕೆಲಸವಿದೆ. ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಮತ್ತು ಸುರಕ್ಷಾ ಬಿಮಾ ಯೋಜನೆಗಳ ವಾರ್ಷಿಕ ಕಂತು 2022ರ ಜೂನ್‌ನಿಂದ ಕ್ರಮವಾಗಿ 436 ಮತ್ತು 20 ರೂಪಾಯಿ. ಮೊದಲನೆಯದಕ್ಕೆ 18ರಿಂದ 50 ವರ್ಷದವರು, ಎರಡನೆಯದಕ್ಕೆ 18ರಿಂದ 70 ವರ್ಷದವರು ಸೇರಬಹುದು. ಮೊದಲನೆಯದರಲ್ಲಿ ಯಾವುದೇ ಕಾರಣದ ಮರಣಕ್ಕೆ, ಎರಡನೆಯದರಲ್ಲಿ ಅಪಘಾತದ ಮರಣಕ್ಕೆ 2 ಲಕ್ಷ ರೂಪಾಯಿಗಳ ರಕ್ಷಣೆಯಿದೆ. ಒಂಬತ್ತು ಮಂದಿಗೂ ಎರಡೂ ಯೋಜನೆಗಳ ಕಂತನ್ನು ಮಾಲೀಕರೇ ಭರಿಸಿದರೆ ವರ್ಷದ ಖರ್ಚು 4,104 ರೂಪಾಯಿ ಮಾತ್ರ. ಯಂತ್ರಗಳಿರುವ ಕಡೆ ಸಾಮಾನ್ಯ ವಿಮಾ ಸಂಸ್ಥೆಗಳ ನೌಕರರ ಪರಿಹಾರ ಪಾಲಿಸಿಯನ್ನೂ ಪಡೆಯಬೇಕು.

5. ಗ್ರಾಚ್ಯುಟಿ ನಿಧಿ. ಸಣ್ಣ ಘಟಕಗಳು ಹೆಚ್ಚಾಗಿ ಅಲಕ್ಷಿಸುವ ಹೊಣೆ ಇದೇ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಸೇವೆಯ ಪ್ರತಿ ವರ್ಷಕ್ಕೆ ಕೊನೆಯ ಮಾಸಿಕ ವೇತನದ 26ರಲ್ಲಿ 15 ಭಾಗ ಎಂಬುದು ಸೂತ್ರ. ಸಾಮಾನ್ಯವಾಗಿ ಐದು ವರ್ಷಗಳ ಸೇವೆ ಅಗತ್ಯ. ಮರಣ ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ಈ ಷರತ್ತಿಲ್ಲ. ಹೊಸ ಸಂಹಿತೆಯಡಿ ನಿಶ್ಚಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಯೇ ಸಾಕು. ಭತ್ಯೆಗಳ ಪಾಲು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನೂ ವೇತನವೆಂದೇ ಗಣಿಸಬೇಕಾಗುತ್ತದೆ.

ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ವಿವರಿಸಬಹುದು. 12 ಮಂದಿ ನೌಕರರ ಘಟಕವೊಂದರಲ್ಲಿ ಪ್ರತಿಯೊಬ್ಬರ ವೇತನ 18,000 ರೂಪಾಯಿ ಎಂದಿರಲಿ. ಒಬ್ಬರ ಒಂದು ವರ್ಷದ ಗ್ರಾಚ್ಯುಟಿ ಸುಮಾರು 10,385 ರೂಪಾಯಿ. ತಿಂಗಳಿಗೆ ಸುಮಾರು 865 ರೂಪಾಯಿ. ಹನ್ನೆರಡು ಮಂದಿಗೆ ತಿಂಗಳಿಗೆ ಸುಮಾರು 10,385 ರೂಪಾಯಿಯನ್ನು ಬದಿಗಿಟ್ಟರೆ ಆ ವರ್ಷದ ಹೊಣೆ ತೀರಿತು. ಹೀಗೆ ಮಾಡದೆ ಇಪ್ಪತ್ತು ವರ್ಷ ಕಳೆದರೆ, ಒಬ್ಬ ನೌಕರರ ನಿವೃತ್ತಿಯ ದಿನ ಒಮ್ಮೆಗೇ 2,07,692 ರೂಪಾಯಿಯನ್ನು ಹೊಂದಿಸಬೇಕಾಗುತ್ತದೆ. ಇಬ್ಬರು ಮೂವರು ಒಂದೇ ವರ್ಷ ನಿವೃತ್ತರಾದರೆ ಘಟಕದ ದುಡಿಯುವ ಬಂಡವಾಳವೇ ಅಲುಗಾಡುತ್ತದೆ. ಆಗ ಕಂತುಗಳ ಸಬೂಬು, ಕಡಿಮೆ ಮೊತ್ತಕ್ಕೆ ರಾಜಿ, ಜೀವಮಾನದ ಬಾಂಧವ್ಯದಲ್ಲಿ ಬಿರುಕು ಆರಂಭವಾಗುತ್ತವೆ.

ಇನ್ನೊಂದು ಸೂಕ್ಷ್ಮವನ್ನು ಮರೆಯಬಾರದು. ಲೆಕ್ಕ ನಡೆಯುವುದು ಕೊನೆಯ ವೇತನದ ಮೇಲೆ. ಇಪ್ಪತ್ತು ವರ್ಷ ಸೇವೆಯಾದ ನೌಕರರಿಗೆ 1,000 ರೂಪಾಯಿ ವೇತನ ಹೆಚ್ಚಿಸಿದರೆ ಹಿಂದಿನ ವರ್ಷಗಳ ಹೊಣೆಯೂ ಸೇರಿ ಗ್ರಾಚ್ಯುಟಿ ಸುಮಾರು 11,538 ರೂಪಾಯಿ ಏರುತ್ತದೆ. ಆದುದರಿಂದ ಪ್ರತಿ ಮಾರ್ಚ್ ಅಂತ್ಯಕ್ಕೆ ಪೂರ್ಣ ಹೊಣೆಯನ್ನು ಮತ್ತೆ ಲೆಕ್ಕ ಹಾಕಬೇಕು. ಕೇವಲ ಪುಸ್ತಕದಲ್ಲಿ ಏರ್ಪಾಡು ಬರೆದರೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯದು. ಮಾನ್ಯತೆ ಪಡೆದ ಗ್ರಾಚ್ಯುಟಿ ನಿಧಿಗೆ ಸಲ್ಲಿಸಿದ ವಂತಿಗೆಗೆ ದೊರೆಯುತ್ತದೆ. ಜೀವವಿಮಾ ನಿಗಮ ಮೊದಲಾದ ಸಂಸ್ಥೆಗಳ ಸಮೂಹ ಗ್ರಾಚ್ಯುಟಿ ಯೋಜನೆಯ ಮೂಲಕ ಸಣ್ಣ ಘಟಕಗಳೂ ಇಂಥ ನಿಧಿಯನ್ನು ಸ್ಥಾಪಿಸಬಹುದು. ಟ್ರಸ್ಟಿಗೆ ಹೋದ ಹಣವು ವ್ಯಾಪಾರದ ಏರಿಳಿತಗಳಿಂದ ದೂರ ಉಳಿಯುತ್ತದೆ. ಬೋರ್ನ್‌ವಿಲ್ 1906ರಲ್ಲಿ ಮಾಡಿದ ಕೆಲಸವನ್ನೇ ಇದು ಸಣ್ಣ ಪ್ರಮಾಣದಲ್ಲಿ ಮಾಡುತ್ತದೆ.

6. ಮುಂಗಡದ ಎಲ್ಲೆ. ಬಡ್ಡಿಯಿಲ್ಲದ ಮುಂಗಡ ನಿಜವಾದ ಉಪಕಾರ. ಆದರೆ ಅದು ತೀರುವವರೆಗೆ ಕೆಲಸ ಬಿಡಕೂಡದೆಂಬ ಷರತ್ತು ಸೇರಿದರೆ ಉಪಕಾರವು ಸಂಕೋಲೆಯಾಗುತ್ತದೆ. ಸಾಲಕ್ಕೆ ಬದಲಾಗಿ ಬಲವಂತದ ದುಡಿಮೆಯನ್ನು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಅಪರಾಧವೆಂದು ಸಾರಿದೆ. ಪ್ರತಿ ಮುಂಗಡಕ್ಕೂ ಲಿಖಿತ ದಾಖಲೆ, ಸಂಬಳದಿಂದ ಮುರಿದುಕೊಳ್ಳುವ ಕಂತಿನ ಮಿತಿ, ಎಲ್ಲರಿಗೂ ಒಂದೇ ನಿಯಮ ಇವು ಇರಬೇಕು. ಕೇಳಲು ಸಂಕೋಚಪಡುವ ನೌಕರರಿಗೂ ಆಗ ಸಮಾನ ಅವಕಾಶ ದೊರೆಯುತ್ತದೆ.

7. ಮತಭೇದವಿಲ್ಲದ ನಡೆ. ಕ್ರೈಸ್ತ ಮಾಲೀಕರ ಘಟಕಗಳಲ್ಲಿ ಎಲ್ಲ ಮತಗಳ ನೌಕರರೂ ಇರುತ್ತಾರೆ. ಕೆಲಸದ ಆರಂಭಕ್ಕೆ ಪ್ರಾರ್ಥನೆಯ ಪದ್ಧತಿಯಿದ್ದರೆ ಅದರಲ್ಲಿ ಭಾಗವಹಿಸುವುದು ಐಚ್ಛಿಕವಾಗಿರಬೇಕು. ಭಾಗವಹಿಸದವರ ಬಡ್ತಿಗಾಗಲಿ ಮುಂಗಡಕ್ಕಾಗಲಿ ಅದರಿಂದ ಬಾಧೆಯಿರಬಾರದು. ಕ್ರಿಸ್‌ಮಸ್‌ಗೆ ಕೊಡುವ ಗೌರವ ಯುಗಾದಿಗೂ ರಂಜಾನ್‌ಗೂ ಸಲ್ಲಬೇಕು. ಸ್ವಜನರಿಗೂ ಪರದೇಶಿಗೂ ಕೂಲಿಯ ನಿಯಮ ಒಂದೇ ಎಂಬ ಧರ್ಮಗ್ರಂಥದ ಮಾತಿನ ಆಶಯವೂ ಇದೇ ಆಗಿದೆ.

8. ಗೇಟಿನ ಹೊರಗಿನ ಕೆಲಸಗಾರರು. ಗುತ್ತಿಗೆದಾರರ ಆಳುಗಳು, ಮನೆಯಲ್ಲಿ ಕುಳಿತು ಬಿಡಿಭಾಗ ಜೋಡಿಸುವ ಹೆಂಗಸರು, ಸರಕು ಏರಿಸಿ ಇಳಿಸುವ ಹಮಾಲರು ಸಂಬಳದ ಪಟ್ಟಿಯಲ್ಲಿ ಕಾಣುವುದಿಲ್ಲ. ಸಾವೊ ಟೋಮೆಯ ಪಾಠ ಇವರಿಗೆ ಸಂಬಂಧಿಸಿದ್ದು. ಗುತ್ತಿಗೆದಾರರ ಬಿಲ್ಲಿಗೆ ಹಣ ಮಂಜೂರು ಮಾಡುವ ಮುನ್ನ ಅವರ ಸಂಬಳದ ಪಟ್ಟಿಯನ್ನೂ ವಂತಿಗೆಯ ಚಲನ್‌ಗಳನ್ನೂ ಪರಿಶೀಲಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ತೀರಾ ಕಡಿಮೆ ದರದ ಗುತ್ತಿಗೆಯಲ್ಲಿ ಉಳಿತಾಯವಾದ ಹಣ ಯಾರ ಜೇಬಿನಿಂದ ಬಂದಿತೆಂಬುದನ್ನೂ ವಿಚಾರಿಸಬೇಕು.

9. ಸಮಾಲೋಚನೆ. ತಿಂಗಳಿಗೊಮ್ಮೆ ಅರ್ಧ ಗಂಟೆ ನೌಕರರ ಇಬ್ಬರು ಪ್ರತಿನಿಧಿಗಳೊಡನೆ ಕುಳಿತು, ಅವರ ಅಹವಾಲನ್ನೂ ಕೈಗೊಂಡ ಕ್ರಮವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಪ್ರತಿನಿಧಿಗಳನ್ನು ನೌಕರರೇ ಆರಿಸಬೇಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿದ್ದರೆ ಉತ್ತಮ.

ಉಪಸಂಹಾರ

ಈ ಎಲ್ಲ ಕ್ರಮಗಳಿಂದ ಖರ್ಚು ಹೆಚ್ಚುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಹೆಚ್ಚುತ್ತದೆಂಬುದನ್ನು ಒಪ್ಪಲೇಬೇಕು. ಆದರೆ ಇದರ ಬಹುಭಾಗ ಈಗಾಗಲೇ ಇರುವ ಹೊಣೆಯೇ ಹೊರತು ಹೊಸ ಖರ್ಚಲ್ಲ. ಪುಸ್ತಕದಲ್ಲಿ ಬರೆಯದ ಮಾತ್ರಕ್ಕೆ ಹೊಣೆ ಇಲ್ಲವಾಗುವುದಿಲ್ಲ. ಅದನ್ನು ಬಿಟ್ಟು ತೋರಿಸಿದ ಲಾಭವು ನಿಜವಾದ ಲಾಭವಲ್ಲ; ಅದು ನೌಕರರಿಂದ ಅವರಿಗೆ ಅರಿವಿಲ್ಲದಂತೆ ಪಡೆದ ಬಡ್ಡಿಯಿಲ್ಲದ ಸಾಲ. ಸರಕಿನ ಬೆಲೆಯನ್ನು ನಿಗದಿಪಡಿಸುವಾಗ ಈ ಹೊಣೆಯನ್ನು ಸೇರಿಸದಿದ್ದರೆ ಗಿರಾಕಿಗೆ ಕೊಟ್ಟ ರಿಯಾಯಿತಿಯನ್ನು ನೌಕರರು ಭರಿಸಿದಂತಾಗುತ್ತದೆ.

ಮಾಲೀಕರು ಈ ವರ್ಷದ ಲೆಕ್ಕ ಮುಗಿಸುವ ಮುನ್ನ ಒಂದು ಹಾಳೆಯಲ್ಲಿ ತಮ್ಮ ನೌಕರರ ಹೆಸರು, ಸೇರಿದ ದಿನಾಂಕ, ಈಗಿನ ವೇತನ, ಇಂದಿನವರೆಗೆ ಸಂಚಿತವಾದ ಗ್ರಾಚ್ಯುಟಿ ಮತ್ತು ಅದಕ್ಕೆಂದು ಬದಿಗಿಟ್ಟ ಹಣ ಈ ಐದು ಕಲಮುಗಳನ್ನು ಬರೆದು ನೋಡುವುದು ಒಳ್ಳೆಯದು. ಕೊನೆಯ ಎರಡು ಕಲಮುಗಳ ವ್ಯತ್ಯಾಸವೇ ನೌಕರರಿಗೆ ಸಂಸ್ಥೆಯು ಸಲ್ಲಿಸಬೇಕಾದ ಋಣ. ಅದನ್ನು ಮೂರು ಅಥವಾ ಐದು ವರ್ಷಗಳಲ್ಲಿ ತುಂಬುವ ಯೋಜನೆಯನ್ನು ತಮ್ಮ ಲೆಕ್ಕಪರಿಶೋಧಕರೊಡನೆ ಚರ್ಚಿಸಿ ರೂಪಿಸಿಕೊಂಡು, ಮೊದಲ ಕಂತನ್ನು ಈ ಆರ್ಥಿಕ ವರ್ಷದಲ್ಲಿಯೇ ನಿಧಿಗೆ ಕಟ್ಟತಕ್ಕದ್ದು.